ಧಣಿ ತಾವಾಗಿ ಕೊಟ್ಟ ಏರಿಕೆ

ಕಾರ್ಕಳದಿಂದ ಅಜೆಕಾರಿಗೆ ಹೋಗುವ ದಾರಿಯ ಗೇರುಬೀಜದ ಕಾರ್ಖಾನೆಗೆ ನಳಿನಾಕ್ಷಿ ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಮೊದಲ ಹನ್ನೊಂದು ವರ್ಷ ಅವಳು ಬೀಜ ಒಡೆಯುವ ಕಟ್ಟಿಂಗ್‌ನಲ್ಲಿದ್ದಳು. ಬೀಜದ ಎಣ್ಣೆ ತಾಗಿ ಕಪ್ಪಾದ ಬೆರಳುಗಳು ಆಮೇಲೆ ಎಷ್ಟು ತಿಕ್ಕಿದರೂ ಮೊದಲಿನಂತಾಗಲಿಲ್ಲ. ಮದುವೆಮನೆಗಳಲ್ಲಿ ಬಡಿಸಲು ಕರೆದರೆ ಏನಾದರೊಂದು ನೆವ ಹೇಳಿ ತಪ್ಪಿಸಿಕೊಳ್ಳುತ್ತಿದ್ದಳು. ಆಮೇಲೆ ತಿರುಳಿನ ಕೆಂಪು ಸಿಪ್ಪೆ ತೆಗೆಯುವ ಪೀಲಿಂಗ್‌ಗೆ ಬಂದು, ಈಗ ಆರು ವರ್ಷದಿಂದ ಅಲ್ಲಿಯೇ ಮೇಸ್ತ್ರಿ. ಎಪ್ಪತ್ತು ಹೆಂಗಸರ ಕೆಲಸ ನೋಡಬೇಕು, ಸಂಜೆ ತೂಕದ ಹೊತ್ತಿಗೆ ಪಕ್ಕದಲ್ಲಿ ನಿಲ್ಲಬೇಕು. ಮೇಸ್ತ್ರಿಯಾದ ಮೇಲೆ ಕೂರಲು ಕುರ್ಚಿ ಸಿಕ್ಕಿತು, ಕೂರುವ ಪುರುಸೊತ್ತು ಸಿಗಲಿಲ್ಲ. ಮೀನಿನ ಬೋಟಿಗೆ ಹೋಗುತ್ತಿದ್ದ ಗಂಡ ಸೊಂಟ ಹಿಡಿದು ಮನೆಯಲ್ಲಿ ಕೂತಿದ್ದ. ಮಗಳು ನವ್ಯಶ್ರೀ ಉಡುಪಿಯಲ್ಲಿ ನರ್ಸಿಂಗ್ ಓದುತ್ತಿದ್ದಳು. ಕೆಲಸ ಬಿಡುವ ಯೋಚನೆ ಬಂದಾಗಲೆಲ್ಲ ನಳಿನಾಕ್ಷಿ ಇವರಿಬ್ಬರ ಮುಖ ನೆನೆಸಿ ಸುಮ್ಮನಾಗುತ್ತಿದ್ದಳು.

ಪೀಲಿಂಗ್‌ನಲ್ಲಿ ಶರಣಮ್ಮ ಎಂಬ ಕೊಪ್ಪಳದ ಕಡೆಯವಳೊಬ್ಬಳಿದ್ದಳು. ಗಂಡ ಯಂಕಪ್ಪ ಮಣಿಪಾಲದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಶರಣಮ್ಮನ ಕೈ ಚುರುಕು, ಬಾಯಿಯೂ ಅಷ್ಟೇ. ಅಲ್ಲಿ ಕೂಲಿ ಕಿಲೋ ಲೆಕ್ಕದಲ್ಲಿ. ಇಡೀ ತಿರುಳಿಗೆ ಒಂದು ದರ, ತುಂಡಾದದ್ದಕ್ಕೆ ಅದರ ಅರ್ಧ. ಒಂದು ಸಂಜೆ ತನ್ನ ತಟ್ಟೆಯ ಕಾಲು ಭಾಗ ತುಂಡಿನ ಬುಟ್ಟಿಗೆ ಹೋದದ್ದನ್ನು ನೋಡಿ ಅವಳು ಸಿಡಿದೆದ್ದಳು.

"ಅಕ್ಕಾ, ಬೀಜ ಒಣಗಿಸಿದ್ದು ಹೆಚ್ಚಾಗೇತಿ. ಮುಟ್ಟಿದ್ರ ಸಾಕು, ಮುರೀತೈತಿ. ಇದರಾಗ ನಮ್ಮ ಕೈದೇನು ತಪ್ಪು ಹೇಳ್ರಿ?"

ಅವಳು ಹೇಳಿದ್ದು ಸರಿಯೆಂದು ನಳಿನಾಕ್ಷಿಗೆ ಗೊತ್ತಿತ್ತು. ಎರಡು ಸಲ ಆಫೀಸಿಗೆ ಹೋಗಿ ಹೇಳಿದಳು. ನೋಡುವ ಎಂದರು. ಯಾರೂ ನೋಡಲಿಲ್ಲ.

ಆಗ ಶರಣಮ್ಮ ಉಡುಪಿಗೆ ಹೋಗಿ ವಿಲ್ಫ್ರೆಡ್ ಎಂಬವರನ್ನು ಹುಡುಕಿದಳು. ಅವರು ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು, ಈಗ ಯೂನಿಯನ್ ಆಫೀಸು ನೋಡಿಕೊಳ್ಳುತ್ತಿದ್ದರು. ಕಿಲೋಗೆ ಮೂರು ರೂಪಾಯಿ ಹೆಚ್ಚು ಬೇಕು, ತುಂಡಿನ ಲೆಕ್ಕ ತಮ್ಮೆದುರೇ ಆಗಬೇಕು ಎಂದು ಒಂದು ಅರ್ಜಿ ತಯಾರಾಯಿತು. ಅದು ಬುತ್ತಿಚೀಲದೊಳಗೆ ಮೇಜಿನಿಂದ ಮೇಜಿಗೆ ಹೋಗಿ ನಲವತ್ತಮೂರು ಸಹಿ ಬಿದ್ದವು. ನಳಿನಾಕ್ಷಿಯ ಸಹಿಯನ್ನು ಯಾರೂ ಕೇಳಲಿಲ್ಲ. ಅವಳಿಗೆ ಬದುಕಿದೆ ಅನ್ನಿಸಿತು, ಸ್ವಲ್ಪ ಬೇಸರವೂ ಆಯಿತು.

ಯೂನಿಯನ್ ಹೆಸರಿನಲ್ಲಿ ಅರ್ಜಿ ಆಫೀಸಿಗೆ ಹೋದ ವಾರದೊಳಗೆ ಕಾರ್ಖಾನೆಯ ಚಹರೆಯೇ ಬದಲಾಯಿತು. ತಿಂಗಳಿಗೊಮ್ಮೆ ಬರುತ್ತಿದ್ದ ಧಣಿ ದಿನಾ ಬರತೊಡಗಿದರು. ಮಂಗಳೂರಿನಿಂದ ವಕೀಲರು ಬಂದರು, ಗೇಟಿಗೆ ಕ್ಯಾಮರಾ ಬಂತು, ಹೆಂಗಸರನ್ನು ಕರೆತರಲು ಬಿಟ್ಟಿ ಬಸ್ಸೂ ಬಂತು. ನಿಖಿತಾ ಎಂಬ ಹೊಸ ಎಚ್‌ಆರ್ ಮೇಡಂ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ, "ನಾವೆಲ್ಲ ಒಂದೇ ಮನೆಯವರು. ಮನೆಯ ಮಾತಿಗೆ ಹೊರಗಿನವರು ಯಾಕೆ, ಅಲ್ವಾ?" ಎಂದು ಲಾಡು ಹಂಚಿದರು.

ಮರುದಿನ ಧಣಿ ನಳಿನಾಕ್ಷಿಯನ್ನು ಮೇಲಿನ ಕೋಣೆಗೆ ಕರೆಸಿದರು. ಅವರ ತಂದೆಯ ಕಾಲದಿಂದ ಇದ್ದವಳೆಂದು ಅವರಿಗೆ ಅವಳ ಮೇಲೆ ಸಲಿಗೆ.

"ಇದಕ್ಕೆ ತಲೆ ಯಾರು ನಳಿನಾಕ್ಷಿ?"

"ನನಗೆ ಗೊತ್ತಿಲ್ಲ ಧಣಿ."

ಅವರು ಹಾಜರಿ ಪುಸ್ತಕ ತೆರೆದು ಒಂದೊಂದೇ ಹೆಸರು ಓದುತ್ತ ಹೋದರು. ಕಣ್ಣು ಮಾತ್ರ ಇವಳ ಮುಖದ ಮೇಲಿತ್ತು. ಒಂದೊಂದು ಹೆಸರಿಗೂ ಅವಳು, "ಅವಳಲ್ಲ, ಪಾಪದವಳು," ಎನ್ನುತ್ತಿದ್ದಳು. ಶರಣಮ್ಮನ ಹೆಸರು ಬಂದಾಗ ನಾಲಿಗೆ ಏಳಲಿಲ್ಲ. ಧಣಿ ಪುಸ್ತಕ ಮುಚ್ಚಿದರು.

ಎಂದೂ ಏನೂ ಕೇಳದ ನಳಿನಾಕ್ಷಿ ಆಗ ಕೇಳಿಬಿಟ್ಟಳು. "ಧಣಿ, ವಕೀಲರಿಗೆ, ಬಸ್ಸಿಗೆ, ಕ್ಯಾಮರಾಕ್ಕೆ ಇಷ್ಟು ಖರ್ಚು ಮಾಡ್ತೀರಿ. ಅವರು ಕೇಳಿದ ಮೂರು ರೂಪಾಯಿ ಕೊಟ್ಟರೆ ಮುಗೀತಿತ್ತಲ್ಲ?"

ಧಣಿಗೆ ಸಿಟ್ಟು ಬರಲಿಲ್ಲ. ಕುರ್ಚಿಗೆ ಒರಗಿ ಕೂತರು. ಅವರಿಗೂ ದಣಿವಾದಂತಿತ್ತು.

"ಮೂರು ಎಂತದಕ್ಕೆ, ನಾಲ್ಕು ಕೊಡ್ತೇನೆ. ದುಡ್ಡಿನ ಮಾತಲ್ಲ ಅದು. ನಾನು ಕೊಟ್ಟದ್ದಾದರೆ ನಾಳೆ ಬೀಜದ ರೇಟು ಏರಿದಾಗ ನಾನೇ ಇಳಿಸಬಹುದು. ಯೂನಿಯನ್ ಕಾಗದದಲ್ಲಿ ಬರೆಸಿಕೊಂಡರೆ ಇಳಿಸ್ಲಿಕ್ಕೆ ಆಗ್ತದಾ? ಇವತ್ತು ಕೂಲಿ, ತುಂಡಿನ ಲೆಕ್ಕ ಕೇಳಿದವರು ನಾಳೆ ತೂಕ ಕೇಳ್ತಾರೆ, ನಾಡಿದ್ದು ಯಾರನ್ನು ತೆಗೆದದ್ದು, ಯಾಕೆ ತೆಗೆದದ್ದು ಅಂತ ಕೇಳ್ತಾರೆ. ಆಮೇಲೆ ಇದು ನನ್ನ ಕಾರ್ಖಾನೆ ಅಂತ ನಾನು ಹೇಗೆ ಹೇಳುವುದು?" ಸ್ವಲ್ಪ ತಡೆದು ಮತ್ತೆ ಹೇಳಿದರು: "ಪಕ್ಕದ ಕಾರ್ಖಾನೆಯವನೂ ದಿನಾ ಫೋನ್ ಮಾಡ್ತಾನೆ. ನೀನು ಬಗ್ಗಿದರೆ ನಾಳೆ ನಮ್ಮ ಗೇಟಿಗೂ ಬರ್ತಾರೆ ಮಾರಾಯ ಅಂತ."

ನಳಿನಾಕ್ಷಿ ಮೆಟ್ಟಿಲಿಳಿದು ಬಂದಳು. ಸುಳ್ಳು ಹೇಳಿದ್ದರೆ ಸಿಟ್ಟು ಮಾಡಬಹುದಿತ್ತು. ಅವರು ನಿಜವನ್ನೇ ಹೇಳಿದ್ದರು.

ಒಂದನೇ ತಾರೀಕಿಗೆ ಕಿಲೋಗೆ ನಾಲ್ಕು ರೂಪಾಯಿ ಏರಿತು. ಕೇಳಿದ್ದಕ್ಕಿಂತ ಒಂದು ರೂಪಾಯಿ ಹೆಚ್ಚು! ನೋಟೀಸು ಬೋರ್ಡಿನ ಮುಂದೆ ಹೆಂಗಸರು ನಕ್ಕರು, ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿದರು. ಆ ವಾರವೇ ಮೂವತ್ತು ಜನ ಅರ್ಜಿಯಿಂದ ಹೆಸರು ತೆಗೆಸಿದರು. ತುಂಡಿನ ಲೆಕ್ಕದ ಮಾತು ಯಾರಿಗೂ ನೆನಪಾಗಲಿಲ್ಲ. ಶರಣಮ್ಮನನ್ನು ಹೆಬ್ರಿಯ ಗೋದಾಮಿಗೆ ವರ್ಗ ಮಾಡಿದರು. ಬಿಟ್ಟಿ ಬಸ್ಸು ಅಲ್ಲಿಗೆ ಹೋಗುತ್ತಿರಲಿಲ್ಲ. ಎರಡು ಬಸ್ಸು ಬದಲಿಸಿ ಇಪ್ಪತ್ತು ದಿನ ಓಡಾಡಿದ ಅವಳು ಇಪ್ಪತ್ತೊಂದನೆಯ ದಿನ ಹೋಗಲಿಲ್ಲ.

ಮರುವರ್ಷ ಮಾರ್ಚಿನಲ್ಲಿ ಆಫ್ರಿಕಾದಿಂದ ತರಿಸುವ ಬೀಜದ ದರ ಏರಿತು. ಕೂಲಿ ಇಳಿಸುತ್ತೇವೆಂದು ಯಾರೂ ಹೇಳಲಿಲ್ಲ. ತುದಿ ಮುಕ್ಕಾದ ತಿರುಳನ್ನೂ ಇನ್ನು ಮುಂದೆ ತುಂಡೆಂದೇ ಹಿಡಿಯುವುದು ಎಂದಷ್ಟೇ ನೋಟೀಸು ಬಂತು. ನಾಲ್ಕು ರೂಪಾಯಿ ಬಂದ ದಾರಿಯಲ್ಲೇ ಹೋಯಿತು. ಹೆಂಗಸರು ನಳಿನಾಕ್ಷಿಯ ಸುತ್ತ ನಿಂತು, "ನೀವೇ ಒಂದು ಮಾತು ಹೇಳಿ ನಳಿನಕ್ಕ," ಎಂದರು. ಅವಳು ಮೇಲೆ ಹೋದಳು. ಧಣಿ ಸಿಗಲಿಲ್ಲ. ನಿಖಿತಾ ಮೇಡಂ ಒಂದು ಫಾರ್ಮು ಕೊಟ್ಟು, "ಸಲಹೆ ಪೆಟ್ಟಿಗೆಗೆ ಹಾಕಿ ಅಕ್ಕ," ಎಂದರು.

ಆ ಭಾನುವಾರ ಅವಳು ಕಾಪುವಿಗೆ ಹೋದಳು. ಶರಣಮ್ಮ ಈಗ ಅಲ್ಲಿ ಮೀನು ಒಣಗಿಸುವ ಶೆಡ್ಡಿನಲ್ಲಿದ್ದಾಳೆಂದು ಯಾರೋ ಹೇಳಿದ್ದರು. ದೀಪಸ್ತಂಭದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಟಾರ್ಪಾಲು ಹಾಸಿ, ಬಿಸಿಲಿಗೆ ಸೆರಗು ಹೊದ್ದು ಮೀನು ತಿರುವಿಹಾಕುತ್ತಿದ್ದವಳು ಇವಳನ್ನು ಕಂಡು ಎದ್ದು ನಿಂತಳು. ಬೈಯಲಿಲ್ಲ. ನೆರಳಿಗೆ ಕರೆದೊಯ್ದು ಸೋಡಾ ತರಿಸಿದಳು.

"ಒಂದ್ ಮಾತು ಕೇಳ್ತೀನಿ ಅಕ್ಕಾ. ಧಣ್ಯಾರ ಮುಂದ ನನ್ನ ಹೆಸರು ನೀವು ಹೇಳಿದ್ರೇನು?"

"ಹೇಳಲಿಲ್ಲ." ನಳಿನಾಕ್ಷಿ ಸೋಡಾದ ಬಾಟಲಿಯನ್ನೇ ನೋಡಿದಳು. "ಆದರೆ ಉಳಿದವರಿಗೆಲ್ಲ ಅವಳಲ್ಲ ಅಂದೆ. ನಿನ್ನ ಹೆಸರಿಗೆ ಅನ್ನಲಿಲ್ಲ."

ಕಾಗೆಯೊಂದು ಮೀನಿಗೆ ಎರಗಿತು. ಶರಣಮ್ಮ ಕೂತಲ್ಲಿಂದಲೇ ಹುಶ್ ಎಂದಳು.

"ಹೋಗ್ಲಿ ಬಿಡ್ರಿ. ನಿಮಗೂ ಮಗಳದಾಳ."

"ಈಗ ಅವರೆಲ್ಲ ಮತ್ತೆ ಕೇಳ್ತಾ ಇದ್ದಾರೆ. ನೀನೊಮ್ಮೆ ಬಂದು ಮಾತಾಡಿದರೆ..."

"ನಾ ಬರಂಗಿಲ್ಲಕ್ಕ. ನನಗ ಸಾಕಾಗೇತಿ." ಅವಳು ಮೊಬೈಲು ತೆಗೆದು ವಿಲ್ಫ್ರೆಡರ ನಂಬರು ಬರೆಸಿದಳು. "ನೀವೇ ಹೇಳ್ರಿ ಈ ಸಲ."

ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ನಳಿನಾಕ್ಷಿ ಫೋನು ಮಾಡಿದಳು. ವಿಲ್ಫ್ರೆಡ್ ಎಲ್ಲ ಕೇಳಿಸಿಕೊಂಡು, ಕೆಮ್ಮಿ, "ನೀವು ಮೇಸ್ತ್ರಿಯಲ್ವಾ? ಮೇಸ್ತ್ರಿ ಅಂದರೆ ಧಣಿಯ ಕಡೆಯವರು ಅಂತ ಲೆಕ್ಕ. ನಿಮ್ಮನ್ನು ಸೇರಿಸಿಕೊಂಡರೆ ಅವರ ವಕೀಲರು ಅದನ್ನೇ ಹಿಡಿದು ಎಳೀತಾರೆ. ಕೆಲಸದ ಹೆಂಗಸರನ್ನೇ ಕಳಿಸಿ. ಈ ಸಲ ದುಡ್ಡಿಗಿಂತ ಮೊದಲು ತೂಕದ, ತುಂಡಿನ ಮಾತು ಬರೆಸುವ," ಎಂದರು.

ಸೋಮವಾರ ಬುತ್ತಿ ಬಿಚ್ಚುವ ಹೊತ್ತಿಗೆ ಅವಳು ಹೆಂಗಸರ ನಡುವೆ ಕೂತು, ಧಣಿ ಅಂದು ಹೇಳಿದ್ದನ್ನೆಲ್ಲ ಹೇಳಿದಳು. ತಾನು ಎಲ್ಲಿ ಸುಮ್ಮನಿದ್ದೆನೆಂಬುದನ್ನೂ ಬಿಡಲಿಲ್ಲ. ಕೆಲವರು ಕೇಳಿದರು. ಕೆಲವರು ಎದ್ದು ಹೋಗಿ ಬುತ್ತಿ ತೊಳೆದರು. ಕೊನೆಗೆ ಬರ್ತಾ ಎಂಬವಳು, ಕಳೆದ ಸಲ ಎಲ್ಲರಿಗಿಂತ ಮೊದಲು ಹೆಸರು ತೆಗೆಸಿದವಳು, ಹತ್ತಿರ ಬಂದು ಕೂತಳು.

"ಆ ನಂಬರು ಕೊಡಿ ನಳಿನಕ್ಕ. ಮಾತಾಡ್ತೇನೆ ಅಂತ ಅಲ್ಲ. ಇರಲಿ ಅಂತ."

ನಳಿನಾಕ್ಷಿ ನಂಬರು ಹೇಳಿದಳು. ಅಷ್ಟರಲ್ಲಿ ಬೆಲ್ ಆಯಿತು. ಇಬ್ಬರೂ ಮೊಣಕಾಲಿಗೆ ಕೈ ಊರಿ ಎದ್ದರು.