ಕೈಯಲ್ಲಿ ಎರಡು ಸುತ್ತು

ಅವರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಕಡೆ ಹುಣಸೆಬೀಜದಂತೆ ಮಿರಿಮಿರಿ ಮಿಂಚುವ ಚರ್ಮ. ಪ್ರಾಯದಲ್ಲಿ ಯಾವುದೋ ಲಾರಿ ಎಂಜಿನ್ನಿನ ಸ್ಪ್ರಿಂಗ್ ಜಾರಿ ಹಾರಿ ಕಿತ್ತುಕೊಂಡು ಹೋಗಿತ್ತಂತೆ. ವಾಲ್ವಿನ ಅಂಚನ್ನು ಆ ಬೆರಳಿನಿಂದಲೇ ಸವರಿ ಪರೀಕ್ಷಿಸುತ್ತಿದ್ದರು. ಉಗುರಿದ್ದವರಿಗೆ ಅಂಚಿನ ಸವೆತ ಗೊತ್ತಾಗದು ಎನ್ನುತ್ತಿದ್ದರು. ನಿಜವೋ ಸುಳ್ಳೋ, ನಾನಂತೂ ನಂಬಿದ್ದೆ.

ಬಳ್ಳಾರಿಯ ಕೋಟೆ ಗುಡ್ಡದ ಕೆಳಗೆ ಅವರ ವರ್ಕ್‌ಶಾಪು. ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಾನು ಪಾಲಿಟೆಕ್ನಿಕ್ಕಿನಲ್ಲಿ ಆಟೊಮೊಬೈಲ್ ಪಾಠ ಹೇಳುವವಳು. ಜೊತೆಗೆ ಮಣ್ಣಿನ ಹಾದಿಯಲ್ಲಿ ಬೈಕ್ ರೇಸ್ ಓಡಿಸುವ ಹುಚ್ಚು. ಮೂರು ವರ್ಷ ಒಂದೇ ಕಡೆ ಸೋತಿದ್ದೆ. ತಿರುವುಗಳಲ್ಲಿ ಎಲ್ಲರನ್ನೂ ಹಿಂದೆ ಹಾಕಿ ನೇರ ಹಾದಿಗೆ ಬರುತ್ತಿದ್ದೆ, ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ಒಂಬತ್ತು ಸಾವಿರ ದಾಟುತ್ತಿದ್ದಂತೆ ಎಂಜಿನ್ ತೊದಲುತ್ತಿತ್ತು. ಹಿಂದಿದ್ದವರೆಲ್ಲ ಧೂಳೆಬ್ಬಿಸಿ ಮುಂದೆ ಹೋಗುತ್ತಿದ್ದರು. ಕಾರ್ಬ್ಯುರೇಟರ್ ಬದಲಿಸಿದೆ, ಕಾಯಿಲ್ ಬದಲಿಸಿದೆ. ಒಮ್ಮೆಯಾದರೂ ಆ ನೇರ ಹಾದಿಯನ್ನು ತೊದಲದೆ ಮುಗಿಸಬೇಕು ಎನ್ನುವುದೊಂದೇ ನನಗೆ ಆಸೆ.

ಕೊನೆಗೆ ಗಾಡಿಯನ್ನು ಮೇಸ್ತ್ರಿಯ ಬಳಿ ತಂದೆ. ಅವರು ಎಂಜಿನ್ ಶುರು ಮಾಡಿಸಿ, ಒಂದೇ ಸಲ ರೇಸ್ ಕೊಡಿಸಿ, ಕೈಯೆತ್ತಿ ನಿಲ್ಲಿಸಿದರು.

“ಬೆಂಕಿ ಬರೋಬ್ಬರಿ ಐತಿ, ಪೆಟ್ರೋಲೂ ಬರೋಬ್ಬರಿ ಐತಿ. ವಾಲ್ವ್ ಹೊಳ್ಳಿ ಬರವಲ್ದು ಟೀಚರಮ್ಮ.”

ನನಗೆ ನಾಚಿಕೆಯಾಯಿತು. ಇದನ್ನೇ ವರ್ಷ ವರ್ಷ ಬೋರ್ಡಿನ ಮೇಲೆ ಬರೆದವಳು ನಾನು. ಕ್ಯಾಮ್ ವಾಲ್ವನ್ನು ತೆರೆಯುತ್ತದೆ, ಸ್ಪ್ರಿಂಗ್ ಮುಚ್ಚುತ್ತದೆ. ವೇಗ ಮಿತಿಮೀರಿದರೆ ಮುಚ್ಚಲು ಸ್ಪ್ರಿಂಗಿಗೆ ಪುರುಸೊತ್ತು ಸಿಗದೆ ವಾಲ್ವ್ ಗಾಳಿಯಲ್ಲೇ ತೇಲುತ್ತದೆ. ಪುಸ್ತಕದ ಬದನೆಕಾಯಿ ಎಂದರೆ ಇದೇ. ಕಾಯಿಲೆಯ ಹೆಸರು ಬಾಯಿಪಾಠವಿತ್ತು, ಎದುರಿಗೆ ಬಂದಾಗ ಗುರುತು ಹತ್ತಲಿಲ್ಲ.

“ಹಂಗಾದ್ರ ಬಿಗಿ ಸ್ಪ್ರಿಂಗ್ ಹಾಕ್ರಿ,” ಎಂದೆ.

“ಎಲ್ಲಾರೂ ಅದನ್ನ ಅಂತಾರ. ದೂಡಾಕ ಯಾರಿಗರ ಬರ್ತೈತಿ, ಹೊಳ್ಳಿ ಕರಕೊಂಡು ಬರೋದು ಕಷ್ಟ. ಬಿಗಿ ಮಾಡೋಕ್ಕಿಂತ ಹಗುರ ಮಾಡೋದು ಚಲೋ. ಟೈಮ್ ಕೊಡ್ರಿ.”

ಅವರ ಕೆಲಸದ ರೀತಿ ನೋಡುವಂತಿತ್ತು. ಡ್ರಿಲ್ ಯಂತ್ರದ ಕೆಳಗೆ ಕಿರಾಣಿ ಅಂಗಡಿಯ ಹಳೇ ತೂಕದ ಯಂತ್ರ ಇಟ್ಟು, ಸ್ಪ್ರಿಂಗನ್ನು ಗೊತ್ತಾದ ಎತ್ತರಕ್ಕೆ ಒತ್ತಿ, ಎಷ್ಟು ಕೆಜಿ ತೋರಿಸುತ್ತದೆಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಹೊಸ ಡಬ್ಬಿಯ ಸ್ಪ್ರಿಂಗುಗಳೂ ಒಂದರಂತೆ ಒಂದು ಇರುತ್ತಿರಲಿಲ್ಲ. ಸರಿಯಾದ ಜೋಡಿ ಸಿಗುವವರೆಗೆ ಅವರು ಎಂಜಿನ್ ಮುಟ್ಟುತ್ತಿರಲಿಲ್ಲ. ಎಷ್ಟೋ ಗಿರಾಕಿಗಳು ಬೇಸತ್ತು ಎಂಜಿನ್ ಎತ್ತಿಕೊಂಡು ಹೋಗಿದ್ದೂ ಉಂಟು.

ನಾನೂ ಬೇಸತ್ತವಳೇ. ಸಿರುಗುಪ್ಪದ ರೇಸು ಹತ್ತಿರ ಬಂತು, ಜೋಡಿ ಸಿಕ್ಕಿರಲಿಲ್ಲ. ಒಂದು ಶನಿವಾರ ಕಾಲೇಜಿನ ಲ್ಯಾಬಿನಲ್ಲಿ ಬಾಗಿಲು ಹಾಕಿಕೊಂಡು, ಹಳೇ ಸ್ಪ್ರಿಂಗುಗಳ ಕೆಳಗೆ ಒಂದೊಂದು ದಪ್ಪ ವಾಷರ್ ಸೇರಿಸಿ ಬಿಗಿ ಮಾಡಿದೆ. ಮೇಸ್ತ್ರಿಗೆ ಹೇಳಲಿಲ್ಲ.

ಸಿರುಗುಪ್ಪದಲ್ಲಿ ಕೊಯ್ಲಾದ ಭತ್ತದ ಗದ್ದೆಯೇ ರೇಸಿನ ಬಯಲು. ಮೇಸ್ತ್ರಿಯದೊಂದು ಪದ್ಧತಿಯಿತ್ತು. ತಮಗೆ ಗೊತ್ತಿದ್ದವರ ಗಾಡಿ ಗೆರೆಗೆ ಹೋಗುವ ಮುಂಚೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಎಂಜಿನ್ನಿನ ಪಕ್ಕದ ಬೋಲ್ಟಿಗೆ ಪಾನಾ ಹಾಕಿ, ಕಣ್ಣು ಮುಚ್ಚಿಕೊಂಡು ಎಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸುವುದು. “ಒಕಟಿ… ರೆಂಡು…” ಎಂದು ತೆಲುಗಿನಲ್ಲೇ ಎಣಿಕೆ. ಅವತ್ತು ‘ಒಕಟಿ’ಗೇ ಕೈ ನಿಂತಿತು.

“ಏನರ ಹಾಕೀರೇನು ಟೀಚರಮ್ಮ?”

“ಏನಿಲ್ಲರಿ,” ಎಂದೆ. ಹಸಿ ಸುಳ್ಳು.

ಅವರು ಪಾನಾ ನನ್ನ ಕೈಗೆ ಕೊಟ್ಟರು. ತಿರುಗಿಸಿದೆ. ವಾಲ್ವ್ ಪೂರ್ತಿ ತೆರೆಯುವ ಕಡೆ ಗೋಡೆಗೆ ಕೈ ತಾಗಿದಂತಾಯಿತು. ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿ, ಒತ್ತಲು ಕೂದಲೆಳೆಯಷ್ಟೂ ಜಾಗ ಉಳಿದಿರಲಿಲ್ಲ.

“ವಾಷರ್ ಹಾಕೀನಿ.”

“ಓಡಾಕ ಓಡ್ತೈತಿ. ಜೋರು ಮಾಡಿದ್ರ ಸ್ಪ್ರಿಂಗಿನ ಮ್ಯಾಲಿನ ಬಟ್ಲು ಒಡದು ವಾಲ್ವ್ ಒಳಗ ಬೀಳ್ತೈತಿ, ಹಿಂದಿನ ಗಾಲಿ ಹಿಡಕೊಂತೈತಿ. ಆಮ್ಯಾಲ ನಿಮ್ಮನ್ನ ಹುಡುಕಾಕ ನಾವು ಗದ್ದಿ ತುಂಬ ಅಡ್ಡಾಡಬೇಕು.”

ಪ್ಲಗ್ಗನ್ನು ಅಂಗಿಯ ಜೇಬಿಗೆ ಹಾಕಿಕೊಂಡುಬಿಟ್ಟರು.

ನಾನು ಕೂಗಾಡಿದೆ. “ನಿಮ್ಮ ಹೆದರಿಕಿಗೆ ನಾ ಯಾಕ ಸೋಲಬೇಕು?” ಎಂದು ಹತ್ತು ಜನರೆದುರು ಕೇಳಿದೆ. ಅವರು ನನ್ನ ಕೈಯಿಂದ ಪಾನಾ ತೆಗೆದುಕೊಂಡು ಒರೆಸಿ ಚೀಲಕ್ಕೆ ಹಾಕಿದರು. ನಾನಿಲ್ಲದೆಯೇ ರೇಸು ನಡೆಯಿತು. ಮುಗಿದ ಮೇಲೆ ಮಂಡಕ್ಕಿ ಒಗ್ಗರಣೆ, ಮಿರ್ಚಿಯ ಪೊಟ್ಟಣ ತಂದು ನನ್ನ ಪಕ್ಕ ಇಟ್ಟು ಕೂತರು. ಸಿಟ್ಟಿನಲ್ಲೇ ತಿಂದೆ. ವಾಷರ್ ಹಾಕಿದ ಸಂಗತಿಯನ್ನು ಅವರು ಅಲ್ಲಿದ್ದ ಯಾರಿಗೂ ಹೇಳಲಿಲ್ಲ. ಕಾಲೇಜಿನ ಟೀಚರಿಗೆ ಅವಮಾನವಾಗಬಾರದೆಂದು ಸುಮ್ಮನೆ ಬೈಸಿಕೊಂಡರು ಎನ್ನುವುದು ನನಗೆ ಹೊಳೆದಿದ್ದು ಮನೆ ಮುಟ್ಟಿದ ಮೇಲೆ.

ಸೋಮವಾರ ನನ್ನೆದುರೇ ಎಂಜಿನ್ ಬಿಚ್ಚಿದರು. ಸ್ಪ್ರಿಂಗನ್ನು ಮೇಲಿನಿಂದ ಹಿಡಿದಿಡುವ ಬಟ್ಟಲನ್ನು ಬೆಳಕಿಗೆ ಹಿಡಿದು ತೋರಿಸಿದರು. ಅಂಚಿನಲ್ಲಿ ಕೂದಲಿನಂಥ ಬಿರುಕು. ಸ್ಟೂಲು ಎಳೆದುಕೊಂಡು ಕೂತೆ. ಕ್ಷಮೆ ಕೇಳಿದೆ. “ಚಾ ಕುಡೀರಿ,” ಎಂದರು.

ಆಮೇಲೆ ಮೂರು ತಿಂಗಳು ನಾನು ಬಾಯಿ ಮುಚ್ಚಿಕೊಂಡು ಅವರ ಪಕ್ಕ ಕೆಲಸ ಕಲಿತೆ. ಹೊಸ ಬಟ್ಟಲುಗಳನ್ನು ಲೇಥಿಗೆ ಕೊಟ್ಟು ಸವೆಸಿ ಹಗುರ ಮಾಡಿಸಿದರು. ಹನ್ನೊಂದು ಸ್ಪ್ರಿಂಗ್ ತೂಗಿ ಎರಡನ್ನು ಆರಿಸಿದರು. ಹೆಡ್ ಮುಚ್ಚಿ, ಕೈ ಒರೆಸಿಕೊಳ್ಳುತ್ತಾ, “ಇನ್ನ ಓಡಸ್ರಿ,” ಎಂದರು. ಕುರುಗೋಡಿನ ರೇಸಿಗೆ ಬರುತ್ತೇನೆಂದೂ ಹೇಳಿದ್ದರು. ರೇಸಿಗೆ ಎಂಟು ದಿನವಿರುವಾಗ ವರ್ಕ್‌ಶಾಪಿನಲ್ಲೇ ಎದೆನೋವು ಬಂತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಕುರುಗೋಡಿಗೆ ಹೋದೆ. ನೇರ ಹಾದಿಯಲ್ಲಿ ಮುಳ್ಳು ಒಂಬತ್ತು ದಾಟಿತು, ಹತ್ತು ದಾಟಿತು. ಎಂಜಿನ್ ಒಂದೇ ಉಸಿರಿನಲ್ಲಿ ಹಾಡುತ್ತಿತ್ತು. ಹೆಲ್ಮೆಟ್ಟಿನೊಳಗೆ ನಾನು ಅಳುತ್ತಿದ್ದೆ. ಎಲ್ಲರಿಗಿಂತ ಮುಂದಿದ್ದೆ. ಆದರೆ ಅಷ್ಟು ವೇಗವನ್ನು ಎಂದೂ ಕಂಡವಳಲ್ಲ, ಕೊನೆಯ ತಿರುವು ಇನ್ನೂ ದೂರವಿರುವಾಗಲೇ ಅಂಜಿ ಎಕ್ಸಲರೇಟರ್ ಬಿಟ್ಟೆ. ಒಬ್ಬ ದಾಟಿಕೊಂಡು ಹೋದ.

ಮರುದಿನ ಬಳ್ಳಾರಿಯಲ್ಲಿ ಅವರ ಮನೆಗೆ ಹೋಗಿ ಅವರ ಹೆಂಡತಿಯೆದುರು ಕೂತು, ಸೋತೆನೆಂದು ಹೇಳಿದೆ.

“ಎಂಜಿನ್ ಕೈ ಕೊಡ್ತೇನವ್ವ?” ಎಂದು ಕೇಳಿದರು.

“ಇಲ್ಲರಿ. ಎಂಜಿನ್ ಇನ್ನೂ ಓಡ್ತಿತ್ತು. ನಾನ ಅಂಜಿದೆ.”

ಸೆರಗಿನಿಂದ ಕಣ್ಣೊರೆಸಿಕೊಂಡರು.

“ಹಂಗಾದ್ರ ಅವರ ಕೆಲಸ ಮುಗದೈತಿ. ಇನ್ನ ಉಳದದ್ದು ನಿಂದವ್ವ.”