ನೀರಿಗೆ ಹೇಳಿದ ಮಾತು

ಹೊಸಬರು ಯಾರೇ ಬರಲಿ, ಮೊದಲು ಮಡುವಿಗೆ ಹೇಳಬೇಕು. ಹೇಳದೆ ಕಾಲಿಟ್ಟರೆ ತೀರಿಹೋಗಿ ನೀರಿನೊಳಗೆ ನೆಲೆಸಿದ ಹಿರಿಯರು ಸುಮ್ಮನಿರುವವರಲ್ಲ. ಆ ಹೇಳುವ ಕೆಲಸ ಡೆಲ್ಮಾಳದು. ಡಾರ್ವಿನ್ ಪಟ್ಟಣದಿಂದ ಕಾಡಿನ ಪಾರ್ಕು ನೋಡುವವರ ಬಸ್ಸು ಬಂದಾಗಲೆಲ್ಲ ಅವಳು ದಡದಲ್ಲಿ ನಿಂತು ಕೂಗುತ್ತಾಳೆ. ಅವಳ ಗಂಟಲೆಂದರೆ ಸಾಮಾನ್ಯವೇ? ತಾವರೆಯೆಲೆಗಳ ನಡುವೆ ಮೇಯುವ ಹೆಬ್ಬಾತುಗಳು ಕತ್ತೆತ್ತುತ್ತವೆ, ದಂಡೆಯ ಮೊಸಳೆ ಒಂದು ಕಣ್ಣು ತೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ.

ಅವಳು ಹುಟ್ಟಿದ್ದು ಇದೇ ದಂಡೆಯ ಮರದಡಿ. ಬೆನ್ನಿಗೇ ಒಬ್ಬ ತಮ್ಮ. ಅವನ ಮೈಬಣ್ಣ ಸ್ವಲ್ಪ ತಿಳಿ. ಬಿಳಿಯರ ಹಾಗೆ ಬೆಳೆಸುತ್ತೇವೆಂದು ಅಂಥ ಮಕ್ಕಳನ್ನು ಸರ್ಕಾರದ ಲಾರಿ ಪಾದ್ರಿಗಳ ಮಿಷನ್ನಿಗೆ ಹೊತ್ತೊಯ್ಯುತ್ತಿದ್ದ ಕಾಲ ಅದು. ಅಮ್ಮ ದಿನವೂ ಅವನ ಮೈಗೆ ಇದ್ದಿಲು ಬಳಿಯುತ್ತಿದ್ದಳು. ಆದರೂ ಒಂದು ಮಧ್ಯಾಹ್ನ ಲಾರಿ ಅವನನ್ನು ಎತ್ತಿಕೊಂಡು ಹೋಯಿತು. ಕೆಂಧೂಳು ಎದ್ದು ಮತ್ತೆ ನೆಲಕ್ಕಿಳಿದಾಗ ದಾರಿ ಬರಿದಾಗಿತ್ತು. ಆಮೇಲೆ ಎಷ್ಟೋ ರಾತ್ರಿ ಡೆಲ್ಮಾಳ ಕನಸಿನಲ್ಲಿ ಅವನು ಮಂಜಿನೊಳಗಿಂದ ನಡೆದು ಬರುತ್ತಿದ್ದ, ಇನ್ನೇನು ಮುಖ ಕಾಣಬೇಕು ಅನ್ನುವಷ್ಟರಲ್ಲಿ ಕರಗಿಹೋಗುತ್ತಿದ್ದ.

ಇಂದು ಬಸ್ಸಿನಿಂದ ಅವನೇ ಇಳಿದ. ತಲೆ ನರೆತಿತ್ತು, ಹ್ಯಾಟು ಹೊಸದು. ಹೆಸರು ಲೆನಾರ್ಡ್. ಬರುವ ಸುದ್ದಿಯನ್ನು ಫೋನಿನಲ್ಲಿ ಡೆಲ್ಮಾಳ ಗಂಡ ರೂಪರ್ಟನಿಗೆ ಮೊದಲೇ ತಿಳಿಸಿದ್ದ. ನೇರವಾಗಿ ಅವಳ ಬಳಿಗೇ ನಡೆದ.

"ಅಕ್ಕಾ."

ಡೆಲ್ಮಾ ಬೆನ್ನು ತಿರುಗಿಸಿ ನಿಂತಳು.

"ಒಂದೇ ಮಾತು ಕೇಳೋಕೆ ಬಂದಿದ್ದೀನಿ. ಅಮ್ಮನೇ ನನ್ನ ಬೇಡ ಅಂತ ಕೊಟ್ಟುಬಿಟ್ಟಳು ಅಂತ ಅಲ್ಲಿಯವರು ಹೇಳ್ತಿದ್ರು. ನಿಜಾನಾ?"

ಅವಳು ಕೈಯಲ್ಲಿದ್ದ ಕೇದಗೆ ಗರಿಯ ಬುಟ್ಟಿಯನ್ನು ಎದೆಗೊತ್ತಿಕೊಂಡು ಮರದ ಮರೆಗೆ ನಡೆದುಬಿಟ್ಟಳು. ಏನು ಮಾಡುವುದು, ಅವಳ ಜನರ ಕಟ್ಟಳೆ ಕಟ್ಟಳೆಯೇ. ದೊಡ್ಡವರಾದ ಅಕ್ಕ ತಮ್ಮ ಮುಖಕ್ಕೆ ಮುಖ ಕೊಟ್ಟು ಮಾತಾಡುವಂತಿಲ್ಲ, ಒಬ್ಬರ ಹೆಸರನ್ನು ಇನ್ನೊಬ್ಬರು ಎತ್ತುವಂತಿಲ್ಲ. ಮಿಷನ್ನಿನಲ್ಲಿ ಬೆಳೆದವನಿಗೆ ಇದನ್ನೆಲ್ಲ ಹೇಳಿಕೊಟ್ಟವರು ಯಾರು? ಉತ್ತರ ಸಿಕ್ಕಿತು ಅಂದುಕೊಂಡು ಅವನು ಬಸ್ಸು ಹತ್ತಿ ಕುಳಿತ.

ಅಷ್ಟರಲ್ಲಿ ಕೆಸರು ಮೆತ್ತಿಕೊಂಡು, ಕೈಯಲ್ಲೊಂದು ಆಮೆ ಹಿಡಿದು ರೂಪರ್ಟ್ ಬಂದ. ಹೆಂಡತಿಯ ಮುಖ ನೋಡಿದ, ಬಸ್ಸಿನೊಳಗಿನ ಹ್ಯಾಟು ನೋಡಿದ. ಕಿಟಕಿಗೆ ಬಡಿದ.

"ಇಳಿಯೋ ಬಾಮೈದ. ಬಂದ ದಾರಿಗೆ ಸುಂಕ ಇಲ್ಲ ಅಂತ ಹೊರಟುಬಿಟ್ಯಾ?"

"ಅವಳಿಗೆ ನನ್ನ ಮುಖ ನೋಡೋಕೂ ಇಷ್ಟ ಇಲ್ಲ, ಭಾವ."

"ಪೆದ್ದ. ನೀನು ತಮ್ಮ ಅನ್ನೋದಕ್ಕೇ ಅವಳು ಬೆನ್ನು ತಿರುಗಿಸಿದ್ದು. ಬೇರೆ ಯಾರೋ ಆಗಿದ್ರೆ ಇಷ್ಟೊತ್ತಿಗೆ ಮಾತಾಡಿ ಮಾತಾಡಿ ನಿನ್ನ ತಲೆ ತಿಂದಿರ್ತಿದ್ಲು." ಹೀಗೆಂದು ಅವನನ್ನು ಕೆಳಗಿಳಿಸಿದ ರೂಪರ್ಟ್, ತನ್ನ ಕಂಕುಳಿಗೆ ಅಂಗೈ ಒರೆಸಿ ಅವನ ಕೆನ್ನೆಗೂ ಎದೆಗೂ ಹಚ್ಚಿದ. "ಮುಖ ಸಿಂಡರಿಸಬೇಡ. ಈ ಬೆವರಿನ ವಾಸನೆಯಿಂದ್ಲೇ ನೀರು ನಿನ್ನ ಗುರುತು ಹಿಡಿಯೋದು. ಬೆಳಗಿಂದ ಕೆಸರಲ್ಲಿ ಬಿದ್ದು ಸುರಿಸಿದ್ದು, ಅಸಲಿ ಮಾಲು."

ಡೆಲ್ಮಾ ದಡಕ್ಕೆ ಬಂದಳು. ಎಂದಿನ ಹಾಗೆ ತನ್ನ ನುಡಿಯಲ್ಲೇ ಕೂಗತೊಡಗಿದವಳು ನಡುವೆ ನಿಂತಳು. ಆಮೇಲೆ ತಮ್ಮನಿಗೂ ತಿಳಿಯುವ ಬಸ್ಸಿನವರ ನುಡಿಗೆ ಹೊರಳಿದಳು. ಕಣ್ಣು ಮಾತ್ರ ನೀರಿನ ಮೇಲೇ ಇತ್ತು.

"ನೀರೇ, ಕೇಳಿಸ್ಕೊ. ಇಲ್ಲೊಬ್ಬ ಹುಡುಗ ಇದ್ದ. ಅವತ್ತು ಸೆಕೆ ಅಂತ ನಿನ್ನೊಳಗೆ ಹಾರ್ದ. ನೀನು ಅವನ ಇದ್ದಿಲೆಲ್ಲ ತೊಳೆದುಬಿಟ್ಟೆ, ಲಾರಿಯವ್ರು ಕಂಡುಬಿಟ್ರು. ನಮ್ಮನ್ನ ಹೆತ್ತೋಳು ಆ ಲಾರಿ ಹಿಂದೆ ಕಾಲಲ್ಲಿ ರಕ್ತ ಬರೋವರೆಗೂ ಓಡಿದ್ಲು. ಸಾಯೋವರೆಗೂ ನಿನ್ನ ಹತ್ರ ಜಗಳ ಆಡ್ತಿದ್ಲು, ನನ್ನ ಮಗನ್ನ ಕೊಡು ಅಂತ. ಈಗ ಬಂದಿದ್ದಾನೆ. ಆ ಜಗಳ ಇವತ್ತಿಗೆ ಮುಗೀತು."

ಮಡು ನಿಶ್ಚಲವಾಗಿತ್ತು. ಹೆಬ್ಬಾತುಗಳು ಬಿಳಿ ಮಂಜಿನ ಹಾಗೆ ಎದ್ದು, ಒಂದು ಸುತ್ತು ಹಾಕಿ, ಮತ್ತೆ ತಾವರೆಗಳ ಮೇಲೆ ಇಳಿದವು.

ಬಸ್ಸು ಅವನನ್ನು ಬಿಟ್ಟೇ ಹೋಯಿತು. ರೂಪರ್ಟ್ ಕೆಂಡದಲ್ಲಿ ಆಮೆ ಸುಡುತ್ತಿದ್ದ. ಲೆನಾರ್ಡ್ ಬಂದು ಅಕ್ಕನಿಗೆ ಬೆನ್ನು ಮಾಡಿ, ಒಂದಷ್ಟು ದೂರದಲ್ಲಿ ಕುಳಿತ. ಹ್ಯಾಟು ತೆಗೆದು ಪಕ್ಕಕ್ಕಿಟ್ಟು ಮಡುವಿಗೆ ಹೇಳಿದ.

"ನೀರೇ, ಅವಳಿಗೆ ಹೇಳು. ಆಮೆಯ ಈಲಿ ಚಿಕ್ಕಂದಿನ ಹಾಗೆ ಈಗಲೂ ನನಗೇ ಬೇಕು."

ಡೆಲ್ಮಾ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

"ನೀರೇ, ಅವನಿಗೆ ಹೇಳು. ಅವತ್ತಿಂದ ಅದನ್ನ ಯಾರೂ ತಿಂದಿಲ್ಲ ಅಂತ."