ಗಂಗರಾಜುವಿನ ಬಿಸಿ ಹ್ಯಾಂಡಲ್ಲು

ಹೆಬ್ಬೂರಿನ ಸುತ್ತಮುತ್ತ ಹಸು ಬೆದೆಗೆ ಬಂತೆಂದರೆ ಜನ ಮೊದಲು ಫೋನು ಮಾಡುತ್ತಿದ್ದುದು ಗಂಗರಾಜುವಿಗೆ. ಅವನು ಗುಬ್ಬಿ ಕಡೆಯ ಸಿ.ಎಸ್. ಪುರದವನು, ಹೆಂಡತಿಯ ಊರಿಗೆ ಬಂದು ನೆಲೆಸಿ ಇಪ್ಪತ್ತೆರಡು ವರ್ಷವಾಗಿತ್ತು. ಬೈಕಿನ ಹಿಂದೆ ತಣ್ಣನೆ ಹೊಗೆಯಾಡುವ ಒಂದು ಕ್ಯಾನು, ಅದರೊಳಗೆ ಹೋರಿಯ ಬೀಜ ತುಂಬಿದ ಸಣ್ಣ ಸಣ್ಣ ಕಡ್ಡಿಗಳು. ಎಡಗೈ ಹಸುವಿನೊಳಗೆ ಹೋದಾಗ ಗರ್ಭದ ಬಾಯಿ ಬೆರಳಿಗೆ ಸಿಗಬೇಕು, ಬಲಗೈಯಲ್ಲಿರುವ ಕಡ್ಡಿ ಅಲ್ಲಿಗೇ ಮುಟ್ಟಬೇಕು. ಕಣ್ಣಿಗೆ ಕಾಣುವ ಕೆಲಸವಲ್ಲ, ಪೂರಾ ಬೆರಳಿನ ಕೆಲಸ. ಅವನು ಕೈ ಹಾಕಿ ತೆಗೆಯುವಾಗ ಹಸು ಮೆಲುಕು ಹಾಕುವುದನ್ನೂ ನಿಲ್ಲಿಸುವುದಿಲ್ಲ ಎಂದು ಜನ ಹೊಗಳುತ್ತಿದ್ದರು.

ಅಂಥವನ ಮೇಲೆ ಮಹಾಲಕ್ಷ್ಮಮ್ಮನಿಗೆ ಅನುಮಾನ ಹುಟ್ಟಿತು.

ಅವಳಿಗಿದ್ದುದು ಒಂದೇ ಹಸು, ಗೌರಿ. ಎರಡು ಸಲ ಗಂಗರಾಜು ಬಂದು ಕಡ್ಡಿ ಹಾಕಿ ಹೋದ, ಎರಡು ಸಲವೂ ಗರ್ಭ ನಿಲ್ಲಲಿಲ್ಲ. ಸೊಸೆ ಕೋಮಲಾ ಖಡಾಖಂಡಿತವಾಗಿ ಹೇಳಿಬಿಟ್ಟಳು: "ಅತ್ತೆ, ಇನ್ನೊಂದು ಸಲ ನೋಡಾಣ. ಆಗ್ಲೂ ನಿಲ್ಲಿಲ್ಲಾ ಅಂದ್ರೆ ಕುಣಿಗಲ್ ಯಾಪಾರದೋನು ಬರ್ತವ್ನೆ, ಹೊಡ್ಕೊಂಡೋಗ್ಲಿ." ಆದರೆ ಗೌರಿ ಮಹಾಲಕ್ಷ್ಮಮ್ಮನ ಕೈಯಲ್ಲೇ ಹುಟ್ಟಿದ ಕರು.

ಕೂತಲ್ಲಿ ನಿಂತಲ್ಲಿ ಅವಳು ಆ ಎರಡು ದಿನಗಳನ್ನು ನೆನೆದು ನೋಡಿದಳು. ಮೊದಲ ಸಲ ಕಾರ್ತಿಕದ ಚಳಿ. ಬೆಳಗಿನ ಜಾವ ಬಂದ ಗಂಗರಾಜು ಒಳಗೆ ತಡಕಾಡಿದ್ದೇ ತಡಕಾಡಿದ್ದು. ಗೌರಿ ಬೆನ್ನು ಬಗ್ಗಿಸಿ ನರಳಿತು. ಕೈ ತೊಳೆಯುವಾಗ ಅವನ ಬೆರಳುಗಳು ಸೀಮೆಸುಣ್ಣದ ಹಾಗೆ ಬೆಳ್ಳಗಿದ್ದವು. ಎರಡನೇ ಸಲ ಬಂದಾಗ ಅವೇ ಬೆರಳು ಕೆಂಪಗೆ ಊದಿದ್ದವು, ಬೈಕಿನ ಹ್ಯಾಂಡಲ್ಲಿಗೆ ಅದೆಂಥದೋ ದಪ್ಪ ರಬ್ಬರು, ರಬ್ಬರಿನಿಂದ ವೈರು. ಅವನು ಕೈ ತೊಳೆಯಲು ಹೋದಾಗ ಮುಟ್ಟಿ ನೋಡಿದ್ದಳು. ರೊಟ್ಟಿ ಹೆಂಚಿನ ಹಾಗೆ ಸುಡುತ್ತಿತ್ತು.

ಡೈರಿಯ ಸಾಲಿನಲ್ಲಿ ಮುಂದೆ ನಿಂತಿದ್ದ ಪುಟ್ಟಗಂಗಮ್ಮ ಇದಕ್ಕೆ ಇನ್ನಷ್ಟು ಸೇರಿಸಿದಳು. "ಅವ್ನು ಗಾಡಿಗೆ ಒಲೆ ಕಟ್ಕೊಂಡವ್ನೆ ಕಣೇ. ಕ್ಯಾನು ಹಿಂದ್ಗಡೆನೇ ಅಲ್ವಾ ಇರದು? ಬೀಜ ಬೆಂದೋಗದೆ ಇನ್ನೇನಾದದು?"

ಮಹಾಲಕ್ಷ್ಮಮ್ಮನಿಗೆ ಎಲ್ಲ ಹೊಳೆದಂತಾಯಿತು. ಕಬ್ಬಿಣದ ಸೌಟನ್ನು ಸಾರಿನಲ್ಲಿ ಬಿಟ್ಟರೆ ಹಿಡಿಯೂ ಸುಡುತ್ತದೆ. ಬೈಕೂ ಕಬ್ಬಿಣವೇ. ಮುಂದೆ ಕಾಸಿದ್ದು ಹಿಂದಕ್ಕೆ ಹರಿಯದೆ ಇರುತ್ತದೆಯೇ? ಮುಂದಿನ ಸಲ ಗೌರಿ ಬೆದೆಗೆ ಬಂದು ಕೂಗಿದಾಗ ಅವಳು ಯಾರನ್ನೂ ಕರೆಯದೆ ಆ ದಿನವನ್ನು ಹಾಗೇ ಕಳೆದುಬಿಟ್ಟಳು. ಕೋಮಲಾ ಮುಖ ಗಂಟಿಕ್ಕಿಕೊಂಡು ಓಡಾಡಿದಳು.

ಪುಷ್ಯಮಾಸದ ಒಂದು ಬೆಳಿಗ್ಗೆ ಡೈರಿಗೆ ಹಾಲು ಹೊತ್ತು ಹೋಗುವಾಗ ಗಂಗರಾಜುವಿನ ಮನೆಯಂಗಳದಲ್ಲಿ ಬೈಕು ಗುಡುಗುಡು ಎನ್ನುವುದು ಕೇಳಿಸಿತು. ಹೋಗುವ ಗಾಡಿಯ ಸದ್ದಲ್ಲ, ನಿಂತಲ್ಲೇ ನಿಂತ ಸದ್ದು. ಅವಳು ಕಾಂಪೌಂಡಿನ ಮೇಲಿಂದ ಇಣುಕಿದಳು.

ಗಂಗರಾಜು ನಿಂತ ಬೈಕಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಾನೆ. ಎಡಗೈಗೆ ಭುಜದವರೆಗೆ ಪ್ಲಾಸ್ಟಿಕ್ಕಿನ ಗ್ಲೌಸು. ಎದುರಿಗೆ ಹೆಂಡತಿ ಶಶಿರೇಖಾ ದೇವರಿಗೆ ಆರತಿ ಹಿಡಿದಂತೆ ತಟ್ಟೆ ಹಿಡಿದು ನಿಂತಿದ್ದಾಳೆ. ಹ್ಯಾಂಡಲ್ಲಿನ ಮಧ್ಯೆ ಒಂದು ಸೋಪಿನ ಡಬ್ಬಿ, ಅದರಲ್ಲಿ ಕೆಂಪು ದೀಪ. ಅವನು ತಟ್ಟೆಯಿಂದ ಏನೋ ಚಿವುಟಿ ಎತ್ತಿ ಬೆರಳಲ್ಲಿ ಹೊಸಕಿ, "ಸಾಸ್ವೆ" ಎಂದ.

"ರಾಗಿ ಕಣ್ರೀ ಅದು."

"ಹಂಗಾರೆ ಬಿಸಿ ಜಾಸ್ತಿ ಆಗೈತೆ" ಎಂದು ಡಬ್ಬಿಯ ತಿರುಪನ್ನು ಒಂಚೂರು ಹಿಂದಕ್ಕೆ ತಿರುಗಿಸಿ ಮತ್ತೆ ಹ್ಯಾಂಡಲ್ಲು ಹಿಡಿದು ಕೂತ.

ಮಾಟವೇ ಇರಬೇಕು. ಮಹಾಲಕ್ಷ್ಮಮ್ಮ ಗೇಟು ತಳ್ಳಿಕೊಂಡು ಒಳಗೆ ನುಗ್ಗಿದಳು.

"ಏನ್ಲಾ ಗಂಗರಾಜು, ಯಾರ ಮನೆ ಹಸಿನ ಹೆಸ್ರೇಳಿ ಮಾಡ್ತಿದೀಯ ಈ ಪೂಜೆಯಾ?"

ಅವನು ಬೆಚ್ಚಿ ಕಣ್ಣು ಬಿಟ್ಟ. "ಪೂಜೆ ಅಲ್ಲ ಕಣಕ್ಕೋ! ಕೈ ಪರೀಕ್ಷೆ."

"ಸಾಸ್ವೆ ಯಾಕೆ ಬಂತು? ಸಾಸ್ವೆ ದೃಷ್ಟಿ ತೆಗೆಯದಕ್ಕೆ ಅಲ್ವಾ?"

ಶಶಿರೇಖಾಗೆ ನಗು ತಡೆಯಲಾಗಲಿಲ್ಲ. "ನಾನೂ ಅದ್ನೇ ಅಂದೆ ಅಕ್ಕ. ಹದಿನೈದು ದಿನದಿಂದ ನಂಗೆ ಇದೇ ಸೇವೆ."

ಗಂಗರಾಜು ಬೈಕು ಆರಿಸಿ ಇಳಿದ. ಎರಡು ವರ್ಷದಿಂದ ಚಳಿ ಬಿದ್ದರೆ ಬೆರಳು ಬೆಳ್ಳಗಾಗಿ ಸತ್ತುಹೋಗುತ್ತವೆ, ತುಮಕೂರಿನ ಡಾಕ್ಟರು ಬೆಳಗಿನ ಗಾಡಿಯೇ ಬೇಡ ಎಂದಿದ್ದಾರೆ, ಹಸು ಬೆದೆಗೆ ಬರುವುದು ಬಿಸಿಲೇರಿದ ಮೇಲೆ ಅಂತೇನಾದರೂ ಇದೆಯೇ ಎಂದ. ಬಿಸಿಯಾಗುವ ಹಿಡಿಗಳನ್ನು ತರಿಸಿ ಹಾಕಿಸಿದ. ಅವಕ್ಕೆ ಒಂದೇ ಬಿಸಿ, ಹಾಕಿದರೆ ಸುಡುತ್ತವೆ, ಆರಿಸಿದರೆ ತಣ್ಣಗೆ. ತುಮಕೂರಿನ ಶಿರಾ ಗೇಟ್ ಹತ್ತಿರದ ಅಂಗಡಿಗಳಲ್ಲಿ ಎಲೆಕ್ಟ್ರಾನಿಕ್ ಚಿಪ್ಪು, ಟ್ರಾನ್ಸಿಸ್ಟರು ಆರಿಸಿ ತಂದು ಬಿಸಿಯನ್ನು ಹತೋಟಿಗೆ ತರುವ ಡಬ್ಬಿಯನ್ನು ತಾನೇ ಕಟ್ಟಿದ. ಮೊದಲನೆಯದು ಹೊಗೆ ಹಾಕಿ ಸತ್ತಿತು. ಎರಡನೆಯದು ಬ್ಯಾಟರಿ ಕುಡಿಯಿತು. ಇದು ಮೂರನೆಯದು, ಟ್ರಾನ್ಸಿಸ್ಟರು ಸುಡದಿರಲೆಂದು ಅದಕ್ಕೆ ಅಲ್ಯೂಮಿನಿಯಂ ತಗಡು ಬಿಗಿದಿದ್ದಾನೆ, ಕೀ ತಿರುಗಿಸಿದರೆ ಮಾತ್ರ ಕರೆಂಟು ಬರುವ ಹಾಗೆ ವೈರು ಕೊಟ್ಟಿದ್ದಾನೆ.

"ಒಲೆಗೆ ಸೌದೆ ತುರುಕಿ ಸುಮ್ನೆ ಕುಂತ್ರೆ ಮುದ್ದೆ ಸೀದೋಯ್ತದೆ ಅಲ್ವೇನಕ್ಕ? ಒಳಕ್ಕೆ ತಳ್ತೀಯ, ಈಚೆಗೆ ಎಳೀತೀಯ. ಈ ಚಿಪ್ಪೂ ಅಷ್ಟೇಯ. ಕಣ್ ಮಿಟುಕ್ಸೋದ್ರಲ್ಲಿ ನೂರು ಸಲ ಕರೆಂಟ್ ಬುಟ್ಟು ನಿಲ್ಸಿ, ಬುಟ್ಟು ನಿಲ್ಸಿ ಮಾಡ್ತದೆ. ತಿರುಪು ಎಷ್ಟಿರ್ತದೋ ಅಷ್ಟೇ ಬಿಸಿ."

"ರಾಗಿ ಯಾಕೆ?"

"ಗ್ಲೌಸ್ ಮೇಲೆ ರಾಗಿಕಾಳು ಬೆರಳಿಗೆ ತಿಳುದ್ರೆ ಹಸಿನ ಒಳಗೂ ತಿಳೀತದೆ. ತಣ್ಣಗಾದ್ರೂ ತಿಳಿಯಕಿಲ್ಲ, ಸುಟ್ಟು ಊದ್ಕಂಡ್ರೂ ತಿಳಿಯಕಿಲ್ಲ." ಅವನು ತಲೆ ತಗ್ಗಿಸಿದ. "ನಿನ್ ಗೌರಿಗೆ ಎರಡು ಸಲನೂ ನಂದೇ ತಪ್ಪಿರಬೇಕು ಕಣಕ್ಕ. ಒಂದ್ ಸಲ ಕೈ ಸತ್ತಿತ್ತು. ಇನ್ನೊಂದ್ ಸಲ ಬೆಂದಿತ್ತು."

ಇದರಿಂದ ಮಹಾಲಕ್ಷ್ಮಮ್ಮನ ಅನುಮಾನ ಕಡಿಮೆಯಾಗುವ ಬದಲು ಇನ್ನೂ ಬಲಿಯಿತು. ಕೇಳದೆ ತಪ್ಪೊಪ್ಪಿಕೊಳ್ಳುವವನು ದೊಡ್ಡದೇನನ್ನೋ ಮುಚ್ಚಿಡುತ್ತಾನೆ. ಅವಳು ಶಶಿರೇಖಾಳ ಕೈಯಿಂದ ತಟ್ಟೆ ಕಸಿದುಕೊಂಡಳು. "ಗಾಡಿ ಹತ್ತು. ಕಣ್ ಮುಚ್ಚು. ಗಂಡ ಹೆಂಡ್ತಿ ಸನ್ನೆ ಮಾಡ್ಕಂಡು ಹೇಳ್ತೀರೋ ಏನೋ."

ಗಾಡಿ ಚಾಲೂ ಮಾಡಿಸಿ ಹತ್ತು ನಿಮಿಷ ಹ್ಯಾಂಡಲ್ಲು ಹಿಡಿಸಿದಳು. ಆಮೇಲೆ ಸೆರಗಿನಿಂದ ಅವನ ಕಣ್ಣು ಮುಚ್ಚಿ, ಒಂದೊಂದೇ ಕಾಳನ್ನು ಅವನ ಬೆರಳಿಗಿಟ್ಟಳು. ರಾಗಿ ಎಂದ, ರಾಗಿಯೇ. ಸಾಸಿವೆ ಎಂದ, ಸಾಸಿವೆಯೇ. ಕೊನೆಗೆ ಏನನ್ನೂ ಇಡದೆ ಸುಮ್ಮನೆ ಅವನ ಬೆರಳನ್ನು ಒತ್ತಿದಳು.

"ಏನೂ ಇಲ್ಲ ಕಣಕ್ಕ, ಬರೀ ನಿನ್ ಉಗುರು."

ಅವಳು ಸೆರಗು ತೆಗೆದಳು. "ಕ್ಯಾನು ಬೇಯಕಿಲ್ವಾ?"

"ಟ್ಯಾಂಕು ಮುಟ್ಟು." ಮುಟ್ಟಿದಳು. ಮಂಜು ಕೂತು ತಣ್ಣಗೆ ಕೊರೆಯುತ್ತಿತ್ತು. ಹಿಂದಿನ ಸೀಟಿನ ಕಬ್ಬಿಣವನ್ನೂ ಮುಟ್ಟಿದಳು. ಅದೂ ತಣ್ಣಗೇ. ಶಶಿರೇಖಾ ಉಗುರಿನ ಬಣ್ಣ ತಂದು, ತಿರುಪು ನಿಂತ ಜಾಗದಲ್ಲಿ ಡಬ್ಬಿಯ ಮೇಲೆ ಒಂದು ಚುಕ್ಕೆ ಇಟ್ಟಳು. ಮಹಾಲಕ್ಷ್ಮಮ್ಮ ಆ ಚುಕ್ಕೆಯನ್ನು ಚೆನ್ನಾಗಿ ನೋಡಿಕೊಂಡು ಹಾಲಿನ ಕ್ಯಾನು ಎತ್ತಿಕೊಂಡಳು.

ಮೂರು ದಿನಕ್ಕೆ ಗೌರಿ ಕೂಗಿತು. ಕೋಮಲಾ ಬೇರೆಯವರನ್ನು ಕರೆಸೋಣ ಎಂದಳು. ಗೌರಿಗೆ ಉಳಿದಿರುವುದು ಇದೊಂದೇ ಸಲ. ಆದರೂ ಮಹಾಲಕ್ಷ್ಮಮ್ಮ ಗಂಗರಾಜುವಿಗೇ ಫೋನು ಮಾಡಿಸಿದಳು. ಹಾಗಂತ ನಂಬಿ ಕೂರಲಿಲ್ಲ. ಗಾಡಿ ಹುಲ್ಲಿನ ಮೆದೆಯ ಆಚೆಗೇ ನಿಲ್ಲಬೇಕು ಎಂದಳು, ನಿಲ್ಲಿಸಿದ. ಓಡಿಹೋಗಿ ಚುಕ್ಕೆ ನೋಡಿದಳು, ತಿರುಪು ಚುಕ್ಕೆಯ ಮೇಲೇ ಇತ್ತು. ಕ್ಯಾನಿನ ಬುಡ ಮುಟ್ಟಿ ನೋಡಿದಳು.

"ಮುಗೀತಾ ನಿನ್ ಪೊಲೀಸ್ ತನಿಖೆ?" ಎಂದ ಗಂಗರಾಜು.

"ನಡಿಯಪ್ಪ, ಕೈ ಆರೋಯ್ತದೆ!"

ಅವನ ಕೈ ಒಳಗೆ ಹೋಯಿತು. ಅವನ ಮುಖ ನೋಡುತ್ತಾ ಅವಳು ಮನಸ್ಸಿನಲ್ಲೇ ಎಣಿಸತೊಡಗಿದಳು. ಇಪ್ಪತ್ತು ಎನ್ನುವಷ್ಟರಲ್ಲಿ ಅವನ ಹುಬ್ಬು ಸಡಿಲವಾಯಿತು. ಮೂವತ್ತಕ್ಕೆ ಕಡ್ಡಿ ಹೋಯಿತು, ನಲವತ್ತಕ್ಕೆ ಕೈ ಈಚೆ ಬಂತು. ಗೌರಿ ಮೆಲುಕು ನಿಲ್ಲಿಸಿರಲಿಲ್ಲ.

ಗರ್ಭ ನಿಲ್ಲದಿದ್ದರೆ ಹಸು ಮತ್ತೆ ಬೆದೆಗೆ ಬರುವ ಇಪ್ಪತ್ತೊಂದನೇ ದಿನ ಅವಳು ಕೊಟ್ಟಿಗೆಯಲ್ಲೇ ಕೂತಿದ್ದಳು. ಗೌರಿ ಕೂಗಲಿಲ್ಲ. ಗಂಟಲು ಕಟ್ಟಿರಬೇಕು ಎಂದುಕೊಂಡಳು. ಮೂರು ತಿಂಗಳಿಗೆ ಗಂಗರಾಜು ಬಂದು ಕೈ ಹಾಕಿ ನೋಡಿ, "ಗಬ್ಬ ಆಗೈತೆ ಕಣಕ್ಕ" ಎಂದ. ಹಾಕಿದವನು ಇಲ್ಲ ಎನ್ನುತ್ತಾನೆಯೇ? ಅವನ ಬೈಕು ತಿರುವು ದಾಟಿದ್ದೇ ತಡ, ಅವಳು ಗೌರಿಯ ಹಗ್ಗ ಬಿಚ್ಚಿಕೊಂಡು ದನದ ಆಸ್ಪತ್ರೆಗೆ ಹೊರಟಳು.

ಆಸ್ಪತ್ರೆಯ ಡಾಕ್ಟರು ಹೊಸಬರು. ಗೌರಿಯನ್ನು ಕಟ್ಟಿಹಾಕಿಸಿ ಕೈ ಹಾಕಿ ನೋಡಿದರು. "ಮೂರು ತಿಂಗಳು ತುಂಬಿದೆಯಮ್ಮ. ಒಳ್ಳೆ ಕೈಗುಣ. ಹಾಕಿದ್ದು ಯಾರು?"

"ನಮ್ಮ ಗಂಗರಾಜು" ಎಂದಳು ಮಹಾಲಕ್ಷ್ಮಮ್ಮ. ಗೌರಿಯ ಬೆನ್ನ ಮೇಲೆ ಕೈಯಾಡಿಸುತ್ತಾ ಅಲ್ಲೇ ನಿಂತಳು. ಆಮೇಲೆ ಡಾಕ್ಟರ ಕೈಯನ್ನೇ ದಿಟ್ಟಿಸಿ ನೋಡಿ ಕೇಳಿದಳು:

"ಅಲ್ಲಾ ಸ್ವಾಮಿ, ನಿಮ್ ಬೆರಳಿಗೆ ಸರಿಯಾಗಿ ತಿಳೀತದೆ ತಾನೆ?"